ಇಲಿನಾಯ್ ಶಾಸಕ ಅಬ್ರಹಾಂ ಲಿಂಕನ್, 1834–1842: ಪದೇ ಪದೇ ಕೇಳುವ ಪ್ರಶ್ನೆಗಳು

ಲಿಂಕನ್ ಎಂದರೆ ನಮಗೆ ಅಧ್ಯಕ್ಷ ಗೊತ್ತು, ಗೆಟಿಸ್‌ಬರ್ಗ್ ಭಾಷಣ ಗೊತ್ತು, ಗುಲಾಮಗಿರಿಯ ವಿಮೋಚನೆ ಗೊತ್ತು. ಅದಕ್ಕೂ ಕಾಲು ಶತಮಾನ ಮೊದಲು ಆತ ಇಲಿನಾಯ್ ರಾಜ್ಯದ ಶಾಸಕನಾಗಿದ್ದ. ಸತತ ನಾಲ್ಕು ಸಲ ಗೆದ್ದು, ತಲೆ ಎಣಿಸಿ, ರಾಜಿ ಮಾಡಿಸಿ, ರಾಜಧಾನಿಯನ್ನೇ ತನ್ನ ಜಿಲ್ಲೆಗೆ ಎಳೆದುತಂದವನು. ತನ್ನ ರಾಜ್ಯವನ್ನು ದಿವಾಳಿಯ ಅಂಚಿಗೆ ತಳ್ಳಿದ ಯೋಜನೆಗೂ ಕೈ ಎತ್ತಿದವನು. ಈ ಎಂಟು ವರ್ಷಗಳ ಬಗ್ಗೆ ಓದುಗರು, ಅದರಲ್ಲೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಮತ್ತು ಶಾಲೆಯಲ್ಲಿ ಇತಿಹಾಸ ಹೇಳಿಕೊಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಲಿಂಕನ್ ಸೋತು ಸೋತು ಕೊನೆಗೆ ಅಧ್ಯಕ್ಷನಾದ ಎನ್ನುವ ಪಟ್ಟಿ ನಿಜವೇ?

ಅರ್ಧ ನಿಜ. ಕನ್ನಡದ ವ್ಯಕ್ತಿತ್ವ ವಿಕಸನದ ಲೇಖನಗಳಲ್ಲಿ, ವಾಟ್ಸ್ಆ್ಯಪ್ ಸಂದೇಶಗಳಲ್ಲಿ ವರ್ಷಗಳಿಂದ ಓಡಾಡುತ್ತಿರುವ ಪಟ್ಟಿ ಇದು: 1832ರಲ್ಲಿ ಸೋಲು, 1833ರಲ್ಲಿ ವ್ಯಾಪಾರ ನಷ್ಟ, 1838ರಲ್ಲಿ ಸ್ಪೀಕರ್ ಚುನಾವಣೆಯಲ್ಲಿ ಸೋಲು, 1840ರಲ್ಲಿ ಸೋಲು, 1843ರಲ್ಲಿ ಸೋಲು, ಹೀಗೆ 1858ರವರೆಗೆ. ಸೋಲುಗಳನ್ನು ಆರಿಸಿ ಜೋಡಿಸಿ, ಗೆಲುವುಗಳನ್ನು ಬಹುಪಾಲು ಬಿಟ್ಟಿದ್ದಾರೆ.

ಒಂದೊಂದಾಗಿ ನೋಡಿ. 1832ರಲ್ಲಿ ಸೋತದ್ದು ನಿಜ. ಜನರ ನೇರ ಮತದಿಂದ ಆತ ಸೋತ ಚುನಾವಣೆ ಅದೊಂದೇ, ಲಿಂಕನ್ ಸ್ವತಃ ಹಾಗೆ ಬರೆದುಕೊಂಡಿದ್ದಾನೆ. 1834, 1836, 1838, 1840ರಲ್ಲಿ ಗೆದ್ದ. 1838ರಲ್ಲಿ ಸ್ಪೀಕರ್ ಸ್ಥಾನಕ್ಕೆ ಸೋತ ಎನ್ನುವುದು ಸರಿ. ಆದರೆ 29ನೇ ವಯಸ್ಸಿಗೇ ಆತನ ಪಕ್ಷ ಆ ಹುದ್ದೆಗೆ ಅವನನ್ನು ನಿಲ್ಲಿಸಿತ್ತು ಎಂಬುದನ್ನು ಪಟ್ಟಿ ಹೇಳುವುದಿಲ್ಲ. 1840ರ "ಸೋಲು" ಎಂದರೆ ಅಧ್ಯಕ್ಷನಿಗೆ ಮತ ಹಾಕುವ ಪ್ರತಿನಿಧಿಗಳ, ಅಂದರೆ ಎಲೆಕ್ಟರ್‌ಗಳ, ಪಟ್ಟಿಯಲ್ಲಿ ಆತನ ಹೆಸರಿತ್ತು, ಇಲಿನಾಯ್‌ನಲ್ಲಿ ಆ ಇಡೀ ಪಟ್ಟಿಯೇ ಸೋತಿತು. ಅದೇ ವರ್ಷ ಆಗಸ್ಟ್‌ನಲ್ಲಿ ತನ್ನ ಶಾಸಕ ಸ್ಥಾನ ಗೆದ್ದಿದ್ದ. 1843ರದು ಕಾಂಗ್ರೆಸ್ (ಅಮೆರಿಕದ ಸಂಸತ್ತು) ಚುನಾವಣೆಯ ಟಿಕೆಟ್‌ಗಾಗಿ ಪಕ್ಷದೊಳಗಿನ ಪೈಪೋಟಿ. ಟಿಕೆಟ್ ಜಾನ್ ಹಾರ್ಡಿನ್ ಪಾಲಾಯಿತು. 1848ರಲ್ಲಿ ಸೋತ ಎಂದೂ ಕೆಲವು ಪಟ್ಟಿಗಳಲ್ಲಿದೆ. ಆ ವರ್ಷ ಆತ ಮರುಸ್ಪರ್ಧೆಗೇ ಇಳಿಯಲಿಲ್ಲ, ಏಕೆಂದರೆ ಆ ಕ್ಷೇತ್ರದ ವಿಗ್ (ಆಗಿನ ಲಿಂಕನ್ ಪಕ್ಷ) ಮುಖಂಡರಲ್ಲಿ ಸರದಿಯಂತೆ ಕಾಂಗ್ರೆಸ್‌ಗೆ ಹೋಗುವ ಒಪ್ಪಂದವಿತ್ತು. 1856ರ ಉಪಾಧ್ಯಕ್ಷ ಸ್ಥಾನಕ್ಕೆ ಆತ ಪ್ರಚಾರವನ್ನೇ ಮಾಡಿರಲಿಲ್ಲ. ಫಿಲಡೆಲ್ಫಿಯಾದ ರಿಪಬ್ಲಿಕನ್ ಸಮಾವೇಶದಲ್ಲಿ ಬೇರೆಯವರು ಹೆಸರು ಸೂಚಿಸಿದರು, 110 ಮತ ಬಂತು. ಇಲಿನಾಯ್ ಬಿಟ್ಟು ಹೊರಗೆ ಹೆಚ್ಚು ಪರಿಚಯವಿಲ್ಲದವನಿಗೆ ಅದು ದೊಡ್ಡ ಮರ್ಯಾದೆ.

ಮಗನ ಶಿಕ್ಷಕರಿಗೆ ಲಿಂಕನ್ ಬರೆದ ಪತ್ರ ಎಂದು ಹಂಚಿಕೊಳ್ಳುವ ಬರಹದ್ದೂ ಇದೇ ಕತೆ. ಆತನ ಸಂಗ್ರಹಿತ ಬರಹಗಳಲ್ಲಿ ಅಂಥ ಪತ್ರ ಇಲ್ಲ. ಶಾಲೆಯ ಗೋಡೆಗೆ ಅಂಟಿಸುವ ಮುನ್ನ ದಯವಿಟ್ಟು ಇದನ್ನು ನೆನಪಿಡಿ.

ಶಾಸಕನಾಗುವ ಮೊದಲು ಏನು ಮಾಡುತ್ತಿದ್ದ?

ಹುಟ್ಟಿದ್ದು 1809ರ ಫೆಬ್ರವರಿ 12, ಕೆಂಟಕಿಯಲ್ಲಿ. 1831ರಲ್ಲಿ ಇಲಿನಾಯ್‌ನ ಸ್ಯಾಂಗಮನ್ ನದಿ ದಂಡೆಯ ನ್ಯೂ ಸೇಲಂ ಎಂಬ ಸಣ್ಣ ಹಳ್ಳಿಗೆ ಬಂದ. ಅಂಗಡಿಯಲ್ಲಿ ಗುಮಾಸ್ತ, ಆಮೇಲೆ ಪಾಲುದಾರಿಕೆಯಲ್ಲಿ ಸ್ವಂತ ಅಂಗಡಿ. ಆ ಅಂಗಡಿ ಮುಳುಗಿ, ಪಾಲುದಾರ ಬೆರ್ರಿ 1835ರಲ್ಲಿ ತೀರಿಕೊಂಡ ಮೇಲೆ ಸುಮಾರು 1,100 ಡಾಲರ್ ಸಾಲ ತಲೆಗೆ ಬಂತು. ತೀರಿಸಲು ವರ್ಷಗಳೇ ಹಿಡಿದವು. 1833ರ ಮೇ ತಿಂಗಳಿನಿಂದ ಊರಿನ ಪೋಸ್ಟ್ ಮಾಸ್ಟರ್. ಜೊತೆಗೆ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಸರ್ವೇಯರ್‌ನ ಸಹಾಯಕ. ಜಮೀನು ಅಳೆಯಲು ಊರೂರು ತಿರುಗುತ್ತಿದ್ದ, ಅಂಚೆಗೆ ಬಂದವರೊಡನೆ ಮಾತಾಡುತ್ತಿದ್ದ. ಎರಡೂ ಕೆಲಸದಲ್ಲಿ ಮತದಾರರ ಮುಖಪರಿಚಯ ತಾನಾಗಿಯೇ ಆಗುತ್ತದೆ. 1834ರ ಗೆಲುವಿಗೆ ಇದು ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡಿದೆ ಎಂದು ನಾವು ನಂಬುತ್ತೇವೆ.

ಆಗ ಇಲಿನಾಯ್‌ನಲ್ಲಿ ಚುನಾವಣೆ ಹೇಗೆ ನಡೆಯುತ್ತಿತ್ತು?

ಎರಡು ವರ್ಷಕ್ಕೊಮ್ಮೆ, ಆಗಸ್ಟ್ ತಿಂಗಳ ಮೊದಲ ಸೋಮವಾರ. ಮತಪೆಟ್ಟಿಗೆ ಇರಲಿಲ್ಲ. ಮತದಾರ ಮತಗಟ್ಟೆಯ ಅಧಿಕಾರಿಗಳ ಮುಂದೆ ನಿಂತು ತನ್ನ ಅಭ್ಯರ್ಥಿಗಳ ಹೆಸರನ್ನು ಗಟ್ಟಿಯಾಗಿ ಹೇಳಬೇಕು; ಗುಮಾಸ್ತ ಅದನ್ನು ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬರೆದುಕೊಳ್ಳುತ್ತಾನೆ. ಸಾಲ ಕೊಟ್ಟವನು, ಕೆಲಸ ಕೊಟ್ಟವನು, ನೆರೆಯವನು ಎಲ್ಲರ ಕಿವಿಗೂ ಬೀಳುತ್ತಿತ್ತು. ಆ ಪುಸ್ತಕಗಳು ಉಳಿದಿರುವುದರಿಂದ ಲಿಂಕನ್ ಯಾರಿಗೆ ಮತ ಹಾಕಿದ ಎನ್ನುವುದೂ ನಮಗಿಂದು ಗೊತ್ತಾಗುತ್ತದೆ.

1818ರ ರಾಜ್ಯ ಸಂವಿಧಾನದ ಪ್ರಕಾರ 21 ವರ್ಷ ತುಂಬಿದ, ಆರು ತಿಂಗಳಿಂದ ರಾಜ್ಯದಲ್ಲಿ ವಾಸವಿರುವ ಬಿಳಿಯ ಗಂಡಸರಿಗೆ ಮಾತ್ರ ಮತ. ಕರಿಯರಿಗೂ ಹೆಂಗಸರಿಗೂ ಇಲ್ಲ.

ಇನ್ನೊಂದು ಮುಖ್ಯ ವಿಷಯ, ಇದನ್ನು ತಿಳಿಯದೆ ಅಂಕಿಗಳನ್ನು ಓದಿದರೆ ಗೊಂದಲವಾಗುತ್ತದೆ. ಒಂದು ಕೌಂಟಿಗೆ ಒಬ್ಬನೇ ಶಾಸಕ ಅಲ್ಲ. ಸ್ಯಾಂಗಮನ್ ಕೌಂಟಿಗೆ 1832 ಮತ್ತು 1834ರಲ್ಲಿ ಕೆಳಮನೆಯ ನಾಲ್ಕು ಸ್ಥಾನ, 1836 ಮತ್ತು 1838ರಲ್ಲಿ ಏಳು. ಒಬ್ಬ ಮತದಾರ ಸ್ಥಾನಗಳಿದ್ದಷ್ಟು ಹೆಸರು ಹೇಳಬಹುದು. ಹೆಚ್ಚು ಮತ ಪಡೆದ ನಾಲ್ವರು ಅಥವಾ ಏಳು ಮಂದಿ ಗೆದ್ದಂತೆ. ಹಾಗಾಗಿ "ಎಂಟನೆಯವನಾಗಿ ಬಂದ", "ಎರಡನೆಯವನಾಗಿ ಗೆದ್ದ" ಎಂಬ ಮಾತುಗಳು.

ಐದು ಚುನಾವಣೆಗಳಲ್ಲಿ ಫಲಿತಾಂಶ ಏನಾಯಿತು?

1832: 13 ಅಭ್ಯರ್ಥಿಗಳಲ್ಲಿ ಎಂಟನೆಯವನು, 657 ಮತ. ಮೂಲನಿವಾಸಿ ನಾಯಕ ಬ್ಲ್ಯಾಕ್ ಹಾಕ್ ವಿರುದ್ಧದ ಯುದ್ಧಕ್ಕೆ ಸ್ವಯಂಸೇವಕನಾಗಿ ಹೋಗಿದ್ದವನು ಹಿಂತಿರುಗಿದ್ದು ಚುನಾವಣೆ ಹತ್ತಿರ ಬಂದ ಮೇಲೆ, ಪ್ರಚಾರಕ್ಕೆ ಸಮಯವೇ ಸಿಗಲಿಲ್ಲ. ಆದರೂ ತನ್ನೂರು ನ್ಯೂ ಸೇಲಂ ಮತಗಟ್ಟೆಯ 300 ಮತಗಳಲ್ಲಿ 277 ಅವನಿಗೇ ಬಿದ್ದವು. ಊರಿನಲ್ಲಿ ಗೊತ್ತಿದ್ದವರು ಕೈಬಿಡಲಿಲ್ಲ, ಕೌಂಟಿಯ ಉಳಿದ ಭಾಗಕ್ಕೆ ಆತ ಯಾರೆಂದೇ ಗೊತ್ತಿರಲಿಲ್ಲ.

1834: 13 ಮಂದಿಯಲ್ಲಿ ಎರಡನೆಯವನು, 1,376 ಮತ. ಮೊದಲ ಸ್ಥಾನದಲ್ಲಿದ್ದ ಜಾನ್ ಡಾಸನ್‌ಗಿಂತ 14 ಮತ ಕಡಿಮೆ. ಇಲ್ಲೊಂದು ಲೆಕ್ಕಾಚಾರವಿತ್ತು. ವಿಗ್ ಮುಖಂಡ ಜಾನ್ ಟಾಡ್ ಸ್ಟುವರ್ಟ್‌ನನ್ನು ಸೋಲಿಸಲು ಕೆಲವು ಡೆಮಾಕ್ರಟರು ತಮ್ಮ ಮತಗಳನ್ನು ಲಿಂಕನ್‌ಗೆ ಕೊಡಲು ಮುಂದೆ ಬಂದರು. ಲಿಂಕನ್ ನೇರವಾಗಿ ಸ್ಟುವರ್ಟ್ ಹತ್ತಿರ ಹೋಗಿ ವಿಷಯ ಹೇಳಿದ. ತೆಗೆದುಕೋ, ನನಗೆ ನನ್ನ ಬಲದ ಮೇಲೆ ನಂಬಿಕೆಯಿದೆ ಎಂದನಂತೆ ಸ್ಟುವರ್ಟ್. ಇಬ್ಬರೂ ಗೆದ್ದರು, ಸ್ಟುವರ್ಟ್ ನಾಲ್ಕನೆಯವನಾಗಿ.

1836: 17 ಅಭ್ಯರ್ಥಿಗಳಲ್ಲಿ ಮೊದಲಿಗ. 1838: ಮತ್ತೆ 17 ಮಂದಿಯಲ್ಲಿ ಮೊದಲಿಗ.

1840: ಗೆದ್ದ ಐವರಲ್ಲಿ ಕೊನೆಯವನು. ಕೌಂಟಿಯನ್ನು 1839ರಲ್ಲಿ ಒಡೆದು ಹೊಸ ಕೌಂಟಿಗಳನ್ನು ಮಾಡಿದ್ದರು. ನ್ಯೂ ಸೇಲಂ ಪ್ರದೇಶ ಮೆನಾರ್ಡ್ ಕೌಂಟಿಗೆ ಸೇರಿತು, ಅಂದರೆ ಆತನ ಹಳೆಯ ಭದ್ರ ಮತಗಳು ಕೈತಪ್ಪಿದವು. ಜೊತೆಗೆ, ಮುಂದೆ ಹೇಳುವ ರೈಲು ಮತ್ತು ಕಾಲುವೆಗಳ ಸಾಲದ ಸಿಟ್ಟೂ ಜನರಲ್ಲಿತ್ತು.

ಸಂಬಳ ಎಷ್ಟಿತ್ತು? ಜೀವನ ನಡೆಯುತ್ತಿತ್ತೇ?

ಮೊದಲ ಅಧಿವೇಶನದಲ್ಲಿ ದಿನಕ್ಕೆ 3 ಡಾಲರ್, ಅದೂ ಅಧಿವೇಶನ ನಡೆದ ದಿನಗಳಿಗೆ ಮಾತ್ರ, ಮತ್ತು ಪ್ರಯಾಣ ಭತ್ಯೆ. 1834ರ ಡಿಸೆಂಬರ್ 1ಕ್ಕೆ ಶುರುವಾದ ಅಧಿವೇಶನ ಮುಂದಿನ ಫೆಬ್ರವರಿ 13ಕ್ಕೆ ಮುಗಿಯಿತು, ಅಂದರೆ ಎರಡೂವರೆ ತಿಂಗಳ ಕೆಲಸ. ವರ್ಷದ ಉಳಿದ ದಿನಗಳಿಗೆ ಬೇರೆ ದಾರಿ ಬೇಕೇ ಬೇಕು. ಆತ ಸರ್ವೇ ಮತ್ತು ಅಂಚೆ ಕೆಲಸ ಬಿಡಲಿಲ್ಲ. ರಾಜಧಾನಿಗೆ ಹೋಗಲು ಒಳ್ಳೆಯ ಬಟ್ಟೆಯೂ ಇರಲಿಲ್ಲ. ಕೋಲ್ಮನ್ ಸ್ಮೂಟ್ ಎಂಬ ಅನುಕೂಲಸ್ಥ ರೈತನಿಂದ 200 ಡಾಲರ್ ಸಾಲ ಪಡೆದು, ಅದರಲ್ಲಿ 60 ಡಾಲರ್ ಕೊಟ್ಟು ಒಂದು ಜೊತೆ ಸೂಟು ಹೊಲಿಸಿಕೊಂಡ ಎಂದು ಪರಿಚಿತರು ಮುಂದೆ ನೆನಪಿಸಿಕೊಂಡಿದ್ದಾರೆ. ದಿನಗೂಲಿ ಲೆಕ್ಕದಲ್ಲಿ ಇಪ್ಪತ್ತು ದಿನದ ಸಂಬಳ ಒಂದು ಸೂಟಿಗೆ!

ಸ್ಟುವರ್ಟ್ ವಕೀಲ. ಆತನ ಒತ್ತಾಯದಿಂದ, ಆತನಿಂದಲೇ ಪುಸ್ತಕ ಎರವಲು ತಂದು ಲಿಂಕನ್ ಕಾನೂನು ಓದಿದ. 1836ರ ಸೆಪ್ಟೆಂಬರ್ 9ರಂದು ವಕೀಲಿಕೆಯ ಪರವಾನಗಿ ಸಿಕ್ಕಿತು. 1837ರ ಏಪ್ರಿಲ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್‌ಗೆ ಬಂದು ಸ್ಟುವರ್ಟ್‌ನ ಪಾಲುದಾರನಾದ. ಶಾಸಕ ಸ್ಥಾನ ಅವನಿಗೆ ಕೊಟ್ಟ ಅತಿ ದೊಡ್ಡ ಲಾಭ ಇದೇ: ಕಾನೂನನ್ನು ಮಾಡುವವರ ನಡುವೆ ಕುಳಿತು ಕಾನೂನು ಕಲಿತ.

ಮೊದಲ ಅವಧಿಯಲ್ಲಿ ಏನು ಸಾಧಿಸಿದ?

ಹೆಚ್ಚೇನಿಲ್ಲ. ಸಾಲ್ಟ್ ಕ್ರೀಕ್ ಹೊಳೆಗೆ ಸುಂಕದ ಸೇತುವೆ ಕಟ್ಟಲು ಸ್ಯಾಮ್ಯುಯೆಲ್ ಮ್ಯೂಸಿಕ್ ಎಂಬಾತನಿಗೆ ಅನುಮತಿ ಕೊಡುವ ಮಸೂದೆ ತಂದ, ಅದು ಪಾಸಾಯಿತು. ಜಸ್ಟಿಸ್ ಆಫ್ ದಿ ಪೀಸ್ ಎಂಬ ಸ್ಥಳೀಯ ನ್ಯಾಯಾಧಿಕಾರಿಗಳ ವ್ಯಾಪ್ತಿಯನ್ನು ಮಿತಿಗೊಳಿಸುವ ಮಸೂದೆ ತಂದ, ಅದು ಕಾನೂನಾಗಲಿಲ್ಲ. ಮೂರನೇ ವಾಚನದ ನಂತರ ಮಸೂದೆಗೆ ತಿದ್ದುಪಡಿ ತರಬಾರದೆಂಬ ನಿಯಮ ಸೂಚಿಸಿದ, ಸದನ ಒಪ್ಪಲಿಲ್ಲ. ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯಲ್ಲಿದ್ದ. ಉಳಿದಂತೆ ಸುಮ್ಮನೆ ಕುಳಿತು ನೋಡಿದ. ಬರವಣಿಗೆ ಸ್ಪಷ್ಟವಾಗಿದ್ದುದರಿಂದ ಬೇರೆ ಸದಸ್ಯರ ಮಸೂದೆಗಳ ಕರಡನ್ನೂ ಬರೆದುಕೊಟ್ಟ. ಹೊಸ ಶಾಸಕನಿಗೆ ಸದನದ ನಿಯಮ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

"ಲಾಂಗ್ ನೈನ್" ಎಂದರೆ ಯಾರು?

1836ರಲ್ಲಿ ಸ್ಯಾಂಗಮನ್ ಕೌಂಟಿಯಿಂದ ಗೆದ್ದ ಏಳು ಕೆಳಮನೆ ಸದಸ್ಯರು ಮತ್ತು ಇಬ್ಬರು ರಾಜ್ಯ ಸೆನೆಟರ್‌ಗಳು. ಎಲ್ಲರೂ ಆರಡಿ ಆಸುಪಾಸಿನ ಎತ್ತರದವರು, ಒಟ್ಟು ಸೇರಿಸಿದರೆ 54 ಅಡಿ ಎಂದು ಆಗ ಲೆಕ್ಕ ಹಾಕಿದ್ದರು. ಕೆಳಮನೆಯಲ್ಲಿ ಲಿಂಕನ್, ಜಾನ್ ಡಾಸನ್, ನಿನಿಯನ್ ಎಡ್ವರ್ಡ್ಸ್, ವಿಲಿಯಂ ಎಲ್ಕಿನ್, ಆ್ಯಂಡ್ರೂ ಮೆಕಾರ್ಮಿಕ್, ಡ್ಯಾನ್ ಸ್ಟೋನ್, ರಾಬರ್ಟ್ ವಿಲ್ಸನ್. ಸೆನೆಟ್‌ನಲ್ಲಿ ಆರ್ಚರ್ ಹರ್ನ್‌ಡನ್, ಜಾಬ್ ಫ್ಲೆಚರ್. ನಾಯಕ ಲಿಂಕನ್, ವಯಸ್ಸು 27.

ರಾಜಧಾನಿಯನ್ನು ವ್ಯಾಂಡೇಲಿಯಾದಿಂದ ಸ್ಪ್ರಿಂಗ್‌ಫೀಲ್ಡ್‌ಗೆ ತಂದದ್ದು ಹೇಗೆ?

ಇಲಿನಾಯ್‌ನ ಮೊದಲ ರಾಜಧಾನಿ ಕ್ಯಾಸ್ಕಾಸ್ಕಿಯಾ. 1820ರಲ್ಲಿ ಅದು ವ್ಯಾಂಡೇಲಿಯಾಕ್ಕೆ ಹೋಯಿತು, 20 ವರ್ಷದ ಅವಧಿಗೆ ಎಂಬ ಷರತ್ತಿನ ಮೇಲೆ. ಆ ಅವಧಿ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಜನ ರಾಜ್ಯದ ಮಧ್ಯ ಮತ್ತು ಉತ್ತರ ಭಾಗಕ್ಕೆ ವಲಸೆ ಬಂದು ತುಂಬಿದ್ದರು, ದಕ್ಷಿಣದ ವ್ಯಾಂಡೇಲಿಯಾ ಮೂಲೆಗೆ ಬಿದ್ದಂತಾಗಿತ್ತು. ಆ್ಯಲ್ಟನ್, ಜಾಕ್ಸನ್‌ವಿಲ್, ಪಿಯೋರಿಯಾ ಎಲ್ಲವೂ ಪೈಪೋಟಿಗೆ ನಿಂತವು. ರಾಜಧಾನಿ ಕಳೆದುಕೊಳ್ಳುವ ಭಯದಲ್ಲಿ ವ್ಯಾಂಡೇಲಿಯಾದವರು 1836ರಲ್ಲಿ ಅವಸರವಸರವಾಗಿ ಹೊಸ ಶಾಸನಸಭಾ ಕಟ್ಟಡ ಎಬ್ಬಿಸಿದರು. ಡಿಸೆಂಬರ್‌ನಲ್ಲಿ ಶಾಸಕರು ಬಂದು ಕುಳಿತಾಗ ಗೋಡೆಯ ಗಾರೆ ಇನ್ನೂ ಹಸಿ.

ಸ್ಪ್ರಿಂಗ್‌ಫೀಲ್ಡ್ ಮಸೂದೆಗೆ ಮಧ್ಯದಲ್ಲಿ ದೊಡ್ಡ ಪೆಟ್ಟು ಬಿತ್ತು: ಸದನ ಅದನ್ನು ಒಂದೇ ಮತದ ಅಂತರದಿಂದ ಬದಿಗೆ ಸರಿಸಿತು. ಆ ರಾತ್ರಿ ಲಿಂಕನ್ ತನ್ನವರನ್ನು ಕೂಡಿಸಿ, ಯಾವ ಯಾವ ಸದಸ್ಯನನ್ನು ಯಾರು ಹೋಗಿ ಒಪ್ಪಿಸಬೇಕೆಂದು ಹಂಚಿದ. ಮರುದಿನ ಮಸೂದೆಗೆ ಮತ್ತೆ ಜೀವ ಬಂತು. ವಿರೋಧಿಗಳು ತಂದ ಷರತ್ತುಗಳನ್ನೂ ನುಂಗಿಕೊಂಡರು: ರಾಜಧಾನಿಯಾಗುವ ಊರು 50,000 ಡಾಲರ್ ಮತ್ತು ಕಟ್ಟಡಕ್ಕೆ ಎರಡು ಎಕರೆ ಜಾಗ ಕೊಡಬೇಕು. ಊರಿನ ಹೆಸರನ್ನು ಮಾತ್ರ ಮಸೂದೆಯಲ್ಲಿ ಬರೆಯಲಿಲ್ಲ. ಅದು ಬುದ್ಧಿವಂತಿಕೆ, ಏಕೆಂದರೆ ಪ್ರತಿ ಊರಿನ ಶಾಸಕನೂ ತನ್ನೂರಿಗೇ ಸಿಗಬಹುದೆಂದು ಮತ ಹಾಕಿದ.

1837ರ ಫೆಬ್ರವರಿ 28ರಂದು ಎರಡೂ ಸದನ ಒಟ್ಟಾಗಿ ಕುಳಿತು ಊರನ್ನು ಆರಿಸಿದವು. ಮೊದಲ ಸುತ್ತಿನಲ್ಲಿ ಸ್ಪ್ರಿಂಗ್‌ಫೀಲ್ಡ್‌ಗೆ 35 ಮತ, ನಾಲ್ಕನೇ ಸುತ್ತಿನಲ್ಲಿ 73. ವ್ಯಾಂಡೇಲಿಯಾ 16ರ ಆಸುಪಾಸಿನಲ್ಲೇ ನಿಂತಿತು. ಉಳಿದ ಊರುಗಳ ಮತ ಚೆದುರಿದಾಗ, ಒಂದೇ ಕಡೆ ಗಟ್ಟಿಯಾಗಿ ನಿಂತ ಒಂಬತ್ತು ಮಂದಿಯ ಗುಂಪಿನ ಬೆಲೆ ಏನೆಂಬುದು ಆ ಮಧ್ಯಾಹ್ನ ಗೊತ್ತಾಯಿತು.

50,000 ಡಾಲರ್ ಹೊಂದಿಸುವುದು ಮಾತ್ರ ಸುಲಭವಾಗಲಿಲ್ಲ. ಕಂತುಗಳಲ್ಲಿ ಕಟ್ಟಬೇಕಿತ್ತು. ಒಂದು ಕಂತಿಗೆ ಊರಿನ 101 ಮಂದಿ ಬ್ಯಾಂಕಿಗೆ ಸಾಲಪತ್ರ ಬರೆದುಕೊಟ್ಟು ಸಹಿ ಹಾಕಿದರು, ಅವರಲ್ಲಿ ಲಿಂಕನ್ ಕೂಡ ಒಬ್ಬ. ಹೊಸ ಕಟ್ಟಡಕ್ಕೆ 1837ರ ಜುಲೈ 4ರಂದು ಅಡಿಗಲ್ಲು ಬಿತ್ತು. 1839ರ ಡಿಸೆಂಬರ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮೊದಲ ಅಧಿವೇಶನ ನಡೆದಾಗಲೂ ಅದು ಮುಗಿದಿರಲಿಲ್ಲ, ಸದಸ್ಯರು ಚರ್ಚುಗಳಲ್ಲಿ ಕುಳಿತರು.

ರಾಜಧಾನಿಗಾಗಿ ರಾಜ್ಯದ ಖಜಾನೆಯನ್ನೇ ಒತ್ತೆಯಿಟ್ಟನೇ?

ಇದು ಆ ಕಾಲದಿಂದಲೂ ಇರುವ ಆರೋಪ. ರಾಜಧಾನಿಯ ಮತಕ್ಕೆ ಪ್ರತಿಯಾಗಿ ಸ್ಯಾಂಗಮನ್‌ನವರು ಕಂಡಕಂಡವರ ರೈಲು, ಕಾಲುವೆ, ರಸ್ತೆಗೆಲ್ಲ ಮತ ಕೊಟ್ಟರು ಎನ್ನುವುದು. ರಾಜಧಾನಿಯನ್ನು ಆರಿಸಿದ ಹಿಂದಿನ ದಿನವೇ, ಅಂದರೆ 1837ರ ಫೆಬ್ರವರಿ 27ರಂದು, ಒಂದು ಕೋಟಿ ಡಾಲರ್ ಮೀರಿದ ಅಭಿವೃದ್ಧಿ ಯೋಜನೆ ಕಾನೂನಾಯಿತು. ದಿನಾಂಕ ನೋಡಿದರೆ ಅನುಮಾನ ಸಹಜ. ಆದರೆ ದಾಖಲಾದ ಮತಗಳನ್ನು ಹೆಸರು ಹೆಸರಾಗಿ ನೋಡಿದರೆ ಈ ಒಂಬತ್ತು ಮಂದಿ ಯೋಜನೆಯ ವಿಷಯದಲ್ಲಿ ಒಂದೇ ಗುಂಪಾಗಿ ಮತ ಹಾಕಿಲ್ಲ. ಸಣ್ಣಪುಟ್ಟ ಕೊಡುಕೊಳ್ಳುವಿಕೆ ಖಂಡಿತ ನಡೆದಿದೆ. ಇಡೀ ಯೋಜನೆಯೇ ರಾಜಧಾನಿಯ ಬೆಲೆ ಎನ್ನುವುದು ಹೆಚ್ಚಾಯಿತು. ಲಿಂಕನ್‌ಗೆ ರೈಲು ಮತ್ತು ಕಾಲುವೆಗಳಲ್ಲಿ ನಿಜವಾದ ನಂಬಿಕೆಯಿತ್ತು, 1832ರ ಮೊದಲ ಪ್ರಣಾಳಿಕೆಯಲ್ಲೇ ಸ್ಯಾಂಗಮನ್ ನದಿಯಲ್ಲಿ ದೋಣಿಸಂಚಾರದ ಬಗ್ಗೆ ಬರೆದಿದ್ದ.

ಆ ಯೋಜನೆ ಏಕೆ ಮುಳುಗಿತು?

ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ಲಿಂಕನ್‌ನ ಶಾಸಕ ಜೀವನದ ಅತಿ ದೊಡ್ಡ ತಪ್ಪು ಇದರಲ್ಲಿದೆ.

ಯೋಜನೆಯಲ್ಲಿ ಉತ್ತರ–ದಕ್ಷಿಣವಾಗಿ ಒಂದು ಸೆಂಟ್ರಲ್ ರೈಲುಮಾರ್ಗ, ಪೂರ್ವ–ಪಶ್ಚಿಮವಾಗಿ ನಾರ್ದರ್ನ್ ಕ್ರಾಸ್, ಸದರ್ನ್ ಕ್ರಾಸ್ ಮಾರ್ಗಗಳು, ಅವಕ್ಕೆ ಕವಲುಗಳು, ಐದು ನದಿಗಳ ಸುಧಾರಣೆ, ಒಂದು ಅಂಚೆ ರಸ್ತೆ ಇದ್ದವು. ರೈಲೂ ಸಿಗದ, ಕಾಲುವೆಯೂ ಸಿಗದ ಕೌಂಟಿಗಳಿಗೆ ಸಮಾಧಾನಕ್ಕೆ 2,00,000 ಡಾಲರ್ ನಗದು. ಈ ಕೊನೆಯ ಬಾಬತ್ತನ್ನು ನೋಡಿದರೆ ಸಾಕು, ಮಸೂದೆಯನ್ನು ಯಾರ ಅಗತ್ಯಕ್ಕೆ ಹೊಲಿದರು ಎಂದು ತಿಳಿಯುತ್ತದೆ. 1840ರ ಜನಗಣತಿಯಲ್ಲೂ ರಾಜ್ಯದ ಜನಸಂಖ್ಯೆ 4,76,183 ಅಷ್ಟೆ. ಗವರ್ನರ್ ಜೋಸೆಫ್ ಡಂಕನ್ ವಿರೋಧಿಸಿದ. ಆದರೆ ಆಗಿನ ಸಂವಿಧಾನದಲ್ಲಿ ಗವರ್ನರ್ ಮತ್ತು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಮಂಡಳಿ ಮಸೂದೆ ತಿರಸ್ಕರಿಸಿದರೂ ಸರಳ ಬಹುಮತದಿಂದ ಅದನ್ನು ಮೀರಬಹುದಿತ್ತು.

ಮುಳುಗಲು ಕಾರಣಗಳು ಹಲವು, ಒಂದಕ್ಕೊಂದು ಕೂಡಿಕೊಂಡವು. ಯಾವ ಜಿಲ್ಲೆಯೂ ಕಾಯಲು ಒಪ್ಪದ ಕಾರಣ ಎಲ್ಲ ಮಾರ್ಗಗಳನ್ನೂ ಏಕಕಾಲಕ್ಕೆ, ಪ್ರತಿ ಮಾರ್ಗವನ್ನು ಎರಡೂ ತುದಿಯಿಂದ ಮತ್ತು ನದಿ ದಾಟುವ ಕಡೆಗಳಿಂದ ಒಟ್ಟಿಗೆ ಶುರು ಮಾಡಬೇಕೆಂದು ಬರೆದರು. ಒಂದೇ ಒಂದು ಮಾರ್ಗವನ್ನು ಪೂರ್ತಿ ಮುಗಿಸಿದ್ದರೆ ಅದರಿಂದ ಆದಾಯ ಬರುತ್ತಿತ್ತು. ಅಲ್ಲಲ್ಲಿ ತುಂಡು ತುಂಡಾಗಿ ಎತ್ತಿದ ಮಣ್ಣಿನ ಏರಿಗಳ ಮೇಲೆ ಗಾಡಿ ಓಡುವುದಿಲ್ಲ. ಎರಡನೆಯದು ಹಣದ ಮೂಲ. ಇಡೀ ಖರ್ಚು ಸಾಲಪತ್ರ ಮಾರಿಯೇ ಬರಬೇಕಿತ್ತು, ಮತ್ತು ಕೆಲವನ್ನು ಕೈಗೆ ಹಣ ಬರುವ ಮೊದಲೇ ಉದ್ದರಿ ಮೇಲೆ ಮಾರಿದರು. ಬಡ್ಡಿ ಕಟ್ಟಲು ತೆರಿಗೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಕೇಂದ್ರ ಸರ್ಕಾರದಿಂದ ಕೊಂಡ ಜಮೀನಿಗೆ ಐದು ವರ್ಷ ರಾಜ್ಯ ತೆರಿಗೆ ವಿನಾಯಿತಿಯೂ ಇತ್ತು. ಮೂರನೆಯದು ಕಾಲ. ಕಾನೂನಾಗಿ ಮೂರು ತಿಂಗಳು ತುಂಬುವ ಮೊದಲೇ, 1837ರ ಮೇ ತಿಂಗಳಲ್ಲಿ ದೇಶದ ಬ್ಯಾಂಕುಗಳು ನೋಟಿಗೆ ಬೆಳ್ಳಿ–ಬಂಗಾರ ಕೊಡುವುದನ್ನು ನಿಲ್ಲಿಸಿದವು. ಸಾಲಪತ್ರ ಕೊಳ್ಳುವವರು ಮಾಯವಾದರು.

ಕೊನೆಗೆ ಮುಗಿದದ್ದು ನಾರ್ದರ್ನ್ ಕ್ರಾಸ್‌ನ ಒಂದು ತುಂಡು, ಇಲಿನಾಯ್ ನದಿ ದಂಡೆಯ ಮೆರೆಡೋಸಿಯಾದಿಂದ ಸ್ಪ್ರಿಂಗ್‌ಫೀಲ್ಡ್‌ವರೆಗೆ, 1842ರಲ್ಲಿ. 1847ರಲ್ಲಿ ಅದನ್ನು ಹರಾಜಿಗೆ ಹಾಕಿದಾಗ ಬಂದದ್ದು 21,100 ಡಾಲರ್. ರಾಜ್ಯದ ಸಾಲ 1840ರ ದಶಕದ ಆರಂಭದಲ್ಲಿ ಸುಮಾರು ಒಂದೂವರೆ ಕೋಟಿ ಡಾಲರ್ ತಲುಪಿ, ಬಡ್ಡಿ ಕಟ್ಟುವುದೂ ನಿಂತಿತು.

ಲಿಂಕನ್ ಈ ಯೋಜನೆಯಿಂದ ಕೈ ತೊಳೆದುಕೊಳ್ಳಲಿಲ್ಲ. 1839ರ ಜನವರಿಯಲ್ಲಿ ಒಂದು ಉಪಾಯ ಮುಂದಿಟ್ಟ: ಇಲಿನಾಯ್‌ನಲ್ಲಿ ಮಾರಾಟವಾಗದೆ ಉಳಿದ ಕೇಂದ್ರ ಸರ್ಕಾರದ ಸುಮಾರು ಎರಡು ಕೋಟಿ ಎಕರೆಯನ್ನು ಎಕರೆಗೆ 25 ಸೆಂಟಿನಂತೆ ಕೊಂಡು 1.25 ಡಾಲರ್‌ಗೆ ಮಾರುವುದು. ಕೇಂದ್ರ ಒಪ್ಪಲಿಲ್ಲ. ಜಮೀನಿನ ನಿಜ ಬೆಲೆಯ ಮೇಲೆ ತೆರಿಗೆ ಹಾಕುವ ಹೊಸ ಕಾನೂನನ್ನೂ ಬೆಂಬಲಿಸಿದ, ಭಾರ ಬೀಳುವುದು ಹೆಚ್ಚು ಆಸ್ತಿಯಿರುವ ಕೆಲವರ ಮೇಲೆ ಎಂದು ಮತದಾರನೊಬ್ಬನಿಗೆ ಬರೆದ. ಕೆಲಸಗಳನ್ನು ಪೂರ್ತಿ ನಿಲ್ಲಿಸುವುದಕ್ಕೆ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಅಲ್ಲಿ ಹಟ ಹೆಚ್ಚಾಯಿತು ಎನ್ನುವುದು ನಮ್ಮ ಅಭಿಪ್ರಾಯ. 1839ರಲ್ಲೇ ಒಂದು ಮಾರ್ಗ ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟಿದ್ದರೆ ನಷ್ಟ ಬಹಳ ಕಡಿಮೆಯಾಗುತ್ತಿತ್ತು.

ಶಾಸಕನಾಗಿದ್ದಾಗ ಗುಲಾಮಗಿರಿಯ ಬಗ್ಗೆ ಆತನ ನಿಲುವು ಏನು?

1837ರ ಜನವರಿಯಲ್ಲಿ, ಗುಲಾಮಗಿರಿ ನಿರ್ಮೂಲನ ಸಂಘಗಳನ್ನು ಖಂಡಿಸುವ ಮತ್ತು ದಕ್ಷಿಣ ರಾಜ್ಯಗಳ ಗುಲಾಮರ ಮೇಲಿನ ಹಕ್ಕನ್ನು ಎತ್ತಿಹಿಡಿಯುವ ನಿರ್ಣಯಗಳು ಕೆಳಮನೆಗೆ ಬಂದವು. 77 ಪರ, 6 ವಿರುದ್ಧ. ಆ ಆರರಲ್ಲಿ ಲಿಂಕನ್ ಒಬ್ಬ. ಮಾರ್ಚ್ 3ರಂದು ಆತ ಮತ್ತು ಡ್ಯಾನ್ ಸ್ಟೋನ್ ತಮ್ಮ ಪ್ರತಿಭಟನೆಯನ್ನು ಸದನದ ದಾಖಲೆಗೆ ಸೇರಿಸಿದರು: ಗುಲಾಮಗಿರಿ ಅನ್ಯಾಯದ ಮೇಲೂ ಕೆಟ್ಟ ನೀತಿಯ ಮೇಲೂ ನಿಂತಿದೆ, ಆದರೆ ನಿರ್ಮೂಲನವಾದದ ಪ್ರಚಾರ ಅದರ ಕೇಡನ್ನು ತಗ್ಗಿಸುವ ಬದಲು ಹೆಚ್ಚಿಸುತ್ತದೆ, ರಾಜ್ಯಗಳೊಳಗಿನ ಗುಲಾಮಗಿರಿಯಲ್ಲಿ ಕೈಹಾಕಲು ಕಾಂಗ್ರೆಸ್‌ಗೆ ಅಧಿಕಾರವಿಲ್ಲ.

ಸಹಿ ಎರಡೇ. ದಿನಾಂಕವನ್ನೂ ಗಮನಿಸಿ: ರಾಜಧಾನಿಯ ಮತದಾನ ಮುಗಿದ ಮೇಲೆ. ಮೊದಲೇ ಸಲ್ಲಿಸಿದ್ದರೆ ಸ್ಪ್ರಿಂಗ್‌ಫೀಲ್ಡ್‌ನ ಮತಗಳು ಕೈಜಾರುವ ಭಯವಿತ್ತು. ಅದರಿಂದ ಪ್ರತಿಭಟನೆಯ ಬೆಲೆ ಕಡಿಮೆಯಾಗುವುದಿಲ್ಲ. 1860ರಲ್ಲಿ ಬರೆದ ಆತ್ಮವೃತ್ತಾಂತದಲ್ಲೂ ಅದನ್ನು ಎತ್ತಿ ಹೇಳಿ, ತನ್ನ ನಿಲುವು ಆಗ ಇದ್ದಂತೆಯೇ ಇದೆ ಎಂದ.

ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. 1836ರ ಜನವರಿಯಲ್ಲಿ, ಕರಿಯರಿಗೆ ಮತಹಕ್ಕು ಕೊಟ್ಟು ಮತದಾನವನ್ನು ಕಲುಷಿತಗೊಳಿಸಬಾರದು ಎಂಬ ನಿರ್ಣಯದ ಪರವಾಗಿ ಆತ ಮತ ಹಾಕಿದ್ದಾನೆ. ಅದೇ ವರ್ಷದ ಜೂನ್‌ನಲ್ಲಿ ಪತ್ರಿಕೆಗೆ ಬರೆದ ಪ್ರಣಾಳಿಕೆಯಲ್ಲಿ, ತೆರಿಗೆ ಕಟ್ಟುವ ಅಥವಾ ಆಯುಧ ಹಿಡಿಯುವ ಎಲ್ಲ ಬಿಳಿಯರಿಗೂ, ಹೆಂಗಸರನ್ನೂ ಬಿಡದೆ, ಮತ ಇರಲಿ ಎಂದ. ಎರಡನ್ನೂ ಪಾಠದಲ್ಲಿ ಹೇಳಿ. ಒಂದನ್ನು ಮಾತ್ರ ಹೇಳುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಕಿಟಕಿಯಿಂದ ಹಾರಿದ್ದು ನಿಜವೇ? ಏಕೆ?

ನಿಜ. 1840ರ ಡಿಸೆಂಬರ್ 5. ರಾಜ್ಯ ಬ್ಯಾಂಕಿಗೆ ನೋಟಿನ ಬದಲು ಬೆಳ್ಳಿ–ಬಂಗಾರ ಕೊಡದೆ ಇರಲು ಮುಂದಿನ ಅಧಿವೇಶನ ಮುಗಿಯುವವರೆಗೆ ಅನುಮತಿಯಿತ್ತು. ನವೆಂಬರ್‌ನಲ್ಲಿ ವಿಶೇಷ ಅಧಿವೇಶನ ಸೇರಿತ್ತು, ಡಿಸೆಂಬರ್ 7ಕ್ಕೆ ಮಾಮೂಲಿ ಅಧಿವೇಶನ. ಬ್ಯಾಂಕ್ ವಿರೋಧಿ ಡೆಮಾಕ್ರಟರ ತಂತ್ರ ಸರಳ: ವಿಶೇಷ ಅಧಿವೇಶನವನ್ನು ಅಂದೇ ಅನಿರ್ದಿಷ್ಟಾವಧಿಗೆ ಮುಂದೂಡಿಬಿಟ್ಟರೆ "ಮುಂದಿನ ಅಧಿವೇಶನ" ಅಲ್ಲಿಗೇ ಮುಗಿದಂತೆ, ಬ್ಯಾಂಕ್ ಕೂಡಲೇ ನಾಣ್ಯ ಎಣಿಸಿ ಕೊಡಬೇಕು.

ಕೋರಂಗೆ, ಅಂದರೆ ಸದನ ನಡೆಸಲು ಬೇಕಾದ ಕನಿಷ್ಠ ಹಾಜರಿಗೆ, ಮೂರನೇ ಎರಡು ಭಾಗ ಸದಸ್ಯರು ಬೇಕು. ಅದು ತುಂಬದಿರಲಿ, ಮುಂದೂಡಿಕೆ ಆಗದಿರಲಿ ಎಂದು ವಿಗ್ ಸದಸ್ಯರು ಸದನದಿಂದ ದೂರ ಉಳಿದರು. ಹೆಸರು ಕೂಗಿ ಮತ ಎಣಿಸಬೇಕೆಂದು ಒತ್ತಾಯಿಸಲು ಇಬ್ಬರು ಬೇಕಿದ್ದುದರಿಂದ ಲಿಂಕನ್ ಮತ್ತು ಜೋಸೆಫ್ ಗಿಲೆಸ್ಪಿ ಒಳಗೇ ಇದ್ದರು. ಡೆಮಾಕ್ರಟರು ಗೈರುಹಾಜರಾದವರನ್ನು ಹಿಡಿದುತರಲು ಸಾರ್ಜೆಂಟ್‌ನನ್ನು ಕಳಿಸಿದರು. ಕೋರಂ ತುಂಬುವ ಹೊತ್ತಿಗೆ ಬಾಗಿಲು ಮುಚ್ಚಿತ್ತು. ಲಿಂಕನ್, ಗಿಲೆಸ್ಪಿ ಮತ್ತು ಇನ್ನೊಬ್ಬ ವಿಗ್ ಸದಸ್ಯ ಕಿಟಕಿಯಿಂದ ಹೊರಕ್ಕೆ ಹಾರಿದರು.

ಫಲ ಸಿಗಲಿಲ್ಲ. ಅಷ್ಟರಲ್ಲಿ ಅವರ ಹಾಜರಿ ಬಿದ್ದಿತ್ತು, ಮುಂದೂಡಿಕೆ ಪಾಸಾಯಿತು. ವಿರೋಧಿ ಪತ್ರಿಕೆಗಳು ಆತನ ಉದ್ದನೆಯ ಕಾಲುಗಳನ್ನು ಹಿಡಿದು ಗೇಲಿ ಮಾಡಿದವು. ಲಿಂಕನ್‌ಗೆ ಈ ಘಟನೆ ನೆನಪಿಸಿದರೆ ಮುಜುಗರವಾಗುತ್ತಿತ್ತು. ಎರಡನೇ ಮಹಡಿಯಿಂದ ಧುಮುಕಿದ ಎಂದು ಬರೆಯುವವರಿದ್ದಾರೆ, ಅದು ಮುಂದೆ ಬೆಳೆದ ಕತೆ.

1842ರಲ್ಲಿ ಏಕೆ ನಿಲ್ಲಲಿಲ್ಲ?

ವಕೀಲಿಕೆ ಬೆಳೆಯುತ್ತಿತ್ತು, ಕಣ್ಣು ಕಾಂಗ್ರೆಸ್ ಮೇಲಿತ್ತು, ರಾಜ್ಯದ ಖಜಾನೆ ಬರಿದಾಗಿ ಅಲ್ಲಿ ಮಾಡಲು ಏನೂ ಉಳಿದಿರಲಿಲ್ಲ. 1841ರ ಜನವರಿಯಲ್ಲಿ ಮೇರಿ ಟಾಡ್ ಜೊತೆಗಿನ ನಿಶ್ಚಿತಾರ್ಥ ಮುರಿದು ತೀವ್ರ ಖಿನ್ನತೆಗೆ ಬಿದ್ದಿದ್ದ, ಹಲವು ದಿನ ಸದನಕ್ಕೂ ಬಂದಿರಲಿಲ್ಲ. ಇಬ್ಬರೂ ಮತ್ತೆ ಒಂದಾಗಿ 1842ರ ನವೆಂಬರ್ 4ರಂದು ಮದುವೆಯಾದರು.

ಅದಕ್ಕೆ ಆರು ವಾರ ಮೊದಲು ಒಂದು ದ್ವಂದ್ವಯುದ್ಧ ಕೂದಲೆಳೆಯಲ್ಲಿ ತಪ್ಪಿತು. ಮುರಿದುಬಿದ್ದ ರಾಜ್ಯ ಬ್ಯಾಂಕಿನ ನೋಟುಗಳನ್ನು ತೆರಿಗೆಗೆ ತೆಗೆದುಕೊಳ್ಳಬೇಡಿ ಎಂದು ರಾಜ್ಯದ ಆಡಿಟರ್ ಜೇಮ್ಸ್ ಶೀಲ್ಡ್ಸ್ ಆದೇಶಿಸಿದ್ದ. ರೆಬೆಕ್ಕಾ ಎಂಬ ಹಳ್ಳಿ ಹೆಂಗಸಿನ ಹೆಸರಿನಲ್ಲಿ ಲಿಂಕನ್ ಆತನನ್ನು ಪತ್ರಿಕೆಯಲ್ಲಿ ಕಟುವಾಗಿ ಗೇಲಿ ಮಾಡಿದ. ಶೀಲ್ಡ್ಸ್ ಸವಾಲು ಹಾಕಿದ. ಆಯುಧ ಆರಿಸುವ ಹಕ್ಕು ಲಿಂಕನ್‌ದು. ಅಶ್ವದಳದ ಉದ್ದ ಕತ್ತಿಗಳನ್ನು ಕೇಳಿದ, ಆತನ ತೋಳಿನ ಉದ್ದಕ್ಕೆ ಅದೇ ಅನುಕೂಲ. ಇಲಿನಾಯ್‌ನಲ್ಲಿ ದ್ವಂದ್ವಯುದ್ಧ ಅಪರಾಧವಾದ್ದರಿಂದ ಸೆಪ್ಟೆಂಬರ್ 22ರಂದು ಆ್ಯಲ್ಟನ್ ಎದುರು ಮಿಸೌರಿ ಕಡೆಯ ನೆಲದಲ್ಲಿ ಸೇರಿದರು. ಸ್ನೇಹಿತರು ನಡುವೆ ಬಂದು ರಾಜಿ ಮಾಡಿಸಿದರು.

ಮತ್ತೆಂದೂ ರಾಜ್ಯ ಶಾಸನಸಭೆಗೆ ಬರಲಿಲ್ಲವೇ?

1854ರ ನವೆಂಬರ್‌ನಲ್ಲಿ ಮತ್ತೆ ಗೆದ್ದ, ಆದರೆ ಸ್ಥಾನ ಒಪ್ಪಿಕೊಳ್ಳಲಿಲ್ಲ. ಆಗ ಅಮೆರಿಕದ ಸೆನೆಟ್ ಸದಸ್ಯರನ್ನು ಜನ ಆರಿಸುತ್ತಿರಲಿಲ್ಲ, ರಾಜ್ಯದ ಶಾಸಕರು ಆರಿಸುತ್ತಿದ್ದರು. ಶಾಸಕನಾಗಿರುವವನು ಆ ಹುದ್ದೆಗೆ ಆಯ್ಕೆಯಾಗುವಂತಿರಲಿಲ್ಲ. ಸೆನೆಟ್‌ಗೆ ಹೋಗಲು ಗೆದ್ದ ಸ್ಥಾನವನ್ನೇ ಬಿಟ್ಟ. ಉಪಚುನಾವಣೆಯಲ್ಲಿ ಆ ಸ್ಥಾನ ಡೆಮಾಕ್ರಟರ ಪಾಲಾಯಿತು.

1855ರ ಫೆಬ್ರವರಿ 8ರಂದು ಮತದಾನ. ಆ ಸ್ಥಾನದಲ್ಲಿ ಆಗ ಕುಳಿತಿದ್ದವನು ಅದೇ ಜೇಮ್ಸ್ ಶೀಲ್ಡ್ಸ್! ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದ ಲಿಂಕನ್‌ಗೆ ಬಹುಮತಕ್ಕೆ ಆರೇಳು ಮತ ಮಾತ್ರ ಕಡಿಮೆ. ಆದರೆ ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸುತ್ತಿದ್ದ ಐವರು ಡೆಮಾಕ್ರಟರು, ವಿಗ್ ಒಬ್ಬನಿಗೆ ಮತ ಹಾಕುವುದಿಲ್ಲವೆಂದು ಲೈಮನ್ ಟ್ರಂಬುಲ್‌ಗೆ ಅಂಟಿಕೊಂಡರು. ಸುತ್ತಿನಿಂದ ಸುತ್ತಿಗೆ ಲಿಂಕನ್‌ನ ಮತ ಕರಗಿತು. ಗವರ್ನರ್ ಮ್ಯಾಟಿಸನ್ ಗೆಲ್ಲುವ ಅಪಾಯ ಕಂಡಾಗ, ಉಳಿದ ತನ್ನವರಿಗೆಲ್ಲ ಟ್ರಂಬುಲ್‌ಗೆ ಹಾಕಿ ಎಂದ. ಹತ್ತನೇ ಸುತ್ತಿನಲ್ಲಿ ಟ್ರಂಬುಲ್ 51 ಮತ ಪಡೆದು ಗೆದ್ದ. ವ್ಯಾಂಡೇಲಿಯಾದಲ್ಲಿ ತಲೆ ಎಣಿಸಲು ಕಲಿತವನಿಗೆ ಯಾವ ಗಳಿಗೆಯಲ್ಲಿ ಹಿಂದೆ ಸರಿಯಬೇಕೆಂಬುದೂ ಗೊತ್ತಿತ್ತು.

ಆಗ ಲಿಂಕನ್ ಯಾವ ಪಕ್ಷ?

ವಿಗ್. ರಿಪಬ್ಲಿಕನ್ ಪಕ್ಷ ಹುಟ್ಟಿದ್ದೇ 1854ರಲ್ಲಿ, ಲಿಂಕನ್ ಸೇರಿದ್ದು 1856ರಲ್ಲಿ. ಪರೀಕ್ಷೆಯಲ್ಲಿ ಹೆಚ್ಚು ಮಂದಿ ಎಡವುವುದು ಇಲ್ಲೇ.

ಅಮೆರಿಕದಲ್ಲಿರುವವರು ಈ ಜಾಗಗಳನ್ನು ನೋಡಬಹುದೇ? ಯಾವುದು ಅಸಲಿ?

ನೋಡಬಹುದು, ಮತ್ತು ಯಾವುದು ಎಷ್ಟು ಹಳೆಯದು ಎಂದು ತಿಳಿದು ಹೋಗುವುದು ಒಳ್ಳೆಯದು. ನ್ಯೂ ಸೇಲಂನ ಮರದ ಮನೆಗಳು ಬಹುತೇಕ 20ನೇ ಶತಮಾನದಲ್ಲಿ ಮತ್ತೆ ಕಟ್ಟಿದವು. ಪೀಪಾಯಿ ಮಾಡುವವನ ಅಂಗಡಿ ಮಾತ್ರ ಮೂಲದ್ದು. ಸ್ಪ್ರಿಂಗ್‌ಫೀಲ್ಡ್‌ನ ಹಳೆಯ ಶಾಸನಸಭಾ ಭವನವನ್ನು 1960ರ ದಶಕದಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ ಮತ್ತೆ ಜೋಡಿಸಿದರು, ಒಳಭಾಗ ಹೊಸದು. 1858ರಲ್ಲಿ ಒಡೆದ ಮನೆ ನಿಲ್ಲಲಾರದು ಎಂಬ ಭಾಷಣ ನಡೆದದ್ದು ಆ ಭವನದಲ್ಲೇ. ವ್ಯಾಂಡೇಲಿಯಾದ ಬಿಳಿ ಕಟ್ಟಡ 1836ರದ್ದು, ನಿಂತ ಜಾಗದಲ್ಲೇ ಇದೆ. ಲಾಂಗ್ ನೈನ್ ಮಂದಿ ಕುಳಿತದ್ದು, ಆ ಊರು ರಾಜಧಾನಿಯ ಪಟ್ಟ ಕಳೆದುಕೊಂಡದ್ದು, ಗುಲಾಮಗಿರಿ ವಿರುದ್ಧದ ಪ್ರತಿಭಟನೆ ದಾಖಲಾದದ್ದು ಅಲ್ಲಿ. ಒಂದೇ ದಿನ ಇದ್ದರೆ ವ್ಯಾಂಡೇಲಿಯಾಕ್ಕೇ ಹೋಗಿ. ಸೇಂಟ್ ಲೂಯಿಸ್‌ನಿಂದ ಇಂಟರ್‌ಸ್ಟೇಟ್ 70ರಲ್ಲಿ ಸುಮಾರು 70 ಮೈಲಿ. ಎರಡು ದಿನವಿದ್ದರೆ ಅಲ್ಲಿಂದ ಉತ್ತರಕ್ಕೆ ಸುಮಾರು 75 ಮೈಲಿ ದೂರದ ಸ್ಪ್ರಿಂಗ್‌ಫೀಲ್ಡ್, ಮತ್ತು ಅದರ ವಾಯವ್ಯಕ್ಕೆ ಸುಮಾರು 20 ಮೈಲಿಯಲ್ಲಿರುವ ನ್ಯೂ ಸೇಲಂ ಎರಡನ್ನೂ ಸೇರಿಸಿಕೊಳ್ಳಬಹುದು. ಹೊರಡುವ ಮೊದಲು ತೆರೆದಿರುವ ದಿನ ಮತ್ತು ಸಮಯ ವಿಚಾರಿಸಿಕೊಳ್ಳಿ, ಚಳಿಗಾಲದಲ್ಲಿ ಇವು ಬದಲಾಗಬಹುದು.